ನಾನು ‘ಮುಗೀತು’ ಎಂದ ದಾವೆ

ತಿಂಗಳ ಕೊನೆಯ ಕೆಲಸದ ದಿನ, ಮಧ್ಯಾಹ್ನದ ಊಟವಾದ ಮೇಲೆ, ನಮ್ಮ ಸೆಕ್ಷನ್ನಿನ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದೆವು. ದಫೇದಾರರು ರುಮಾಲು ಸರಿಮಾಡಿಕೊಂಡು ಹೊರಗೆ ಸ್ಟೂಲಿನ ಮೇಲೆ ಕೂರುತ್ತಿದ್ದರು. ಯಾರೇ ಬರಲಿ, "ಒಳಗೆ ಕರೆಯೋದು ನಡೀತಿದೆ, ಆಮೇಲೆ ಬನ್ನಿ" ಎನ್ನುತ್ತಿದ್ದರು. ಹೊಸಬರು, ಅಷ್ಟು ಹೊತ್ತು ಯಾರನ್ನಪ್ಪಾ ಕರೆಯುತ್ತಿದ್ದಾರೆ ಎಂದು ಇಣುಕಿ ನೋಡಿ ಪೆಚ್ಚಾಗುತ್ತಿದ್ದರು. ಒಳಗಿದ್ದದ್ದು ಇಬ್ಬರೇ. ಕೋರ್ಟಿನ ಕಚೇರಿಗೆಲ್ಲ ಹಿರಿಯರಾದ ಶಿರಸ್ತೇದಾರರು, ಮತ್ತು ನಾನು. ನಾವು ಕರೆಯುತ್ತಿದ್ದದ್ದು ಕೇಸುಗಳನ್ನು.

ಆ ಕೋರ್ಟಿಗೆ ನಾನು ಸೇರಿದ್ದು ಟೈಪಿಸ್ಟ್ ಆಗಿ. ತೊಂಬತ್ತರ ದಶಕದ ಶುರುವಿನಲ್ಲಿ, ನನಗೆ ನಲವತ್ತು ದಾಟಿದ ಮೇಲೆ, ನನ್ನನ್ನು ಅಂಕಿಅಂಶದ ಟೇಬಲ್ಲಿಗೆ ಹಾಕಿದರು. ಲೆಕ್ಕದಲ್ಲಿ ಜಾಣೆ ಅಂತ ಅಲ್ಲ. ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ನನ್ನ ಅರಿತ್‌ಮೆಟಿಕ್ ಪುಸ್ತಕದ ಮೇಲೆ ‘ಅನ್‌ಟೈಡಿ ಮೈಂಡ್’ ಎಂದು ಕೆಂಪು ಶಾಯಿಯಲ್ಲಿ ಬರೆದು, ನಮ್ಮಪ್ಪನ ಸಹಿ ಹಾಕಿಸಿಕೊಂಡು ಬಾ ಎಂದಿದ್ದರು. ನನ್ನನ್ನು ಆ ಟೇಬಲ್ಲಿಗೆ ತಂದದ್ದು ನನ್ನ ಇಂಗ್ಲಿಷ್. ಜಡ್ಜ್ ಸಾಹೇಬರ ಆದೇಶಗಳೆಲ್ಲ ಇಂಗ್ಲಿಷಿನಲ್ಲಿ. ಮೇಲಿನವರಿಗೆ ಬರೆಯುವ ಪತ್ರವೂ ಇಂಗ್ಲಿಷಿನಲ್ಲಿ. "ನಮ್ಮ ಕಾನ್ವೆಂಟಮ್ಮ ಇದ್ದಾರಲ್ಲ, ಅವರು ಓದಿದರೆ ಓದಿದ ಹಾಗೆ" ಎಂದು ಶಿರಸ್ತೇದಾರರು ನಾಲ್ಕು ಜನರ ಮುಂದೆ ಹೇಳುತ್ತಿದ್ದರು. ನಾನು ಒಳಗೊಳಗೇ ಉಬ್ಬುತ್ತಿದ್ದೆ. ಆ ಉಬ್ಬೇ ಮುಂದೆ ನನ್ನನ್ನು ಬೀಳಿಸಿತು.

ಕೆಲಸ ಕೇಳುವುದಕ್ಕೆ ಬಹಳ ಸರಳ. ಪ್ರತಿ ತಿಂಗಳೂ ಒಂದು ಸ್ಟೇಟ್‌ಮೆಂಟ್. ತಿಂಗಳ ಮೊದಲ ದಿನ ಬಾಕಿ ಇದ್ದ ಕೇಸು ಎಷ್ಟು, ಹೊಸದಾಗಿ ಬಂದದ್ದು ಎಷ್ಟು, ವಿಲೇವಾರಿ ಆದದ್ದು ಎಷ್ಟು, ಕೊನೆಯ ದಿನ ಉಳಿದದ್ದು ಎಷ್ಟು. ಅದರ ಕೆಳಗೆ ಇನ್ನೊಂದು ಪಟ್ಟಿ: ಉಳಿದವುಗಳಲ್ಲಿ ಒಂದು ವರ್ಷದವು, ಎರಡು ವರ್ಷದವು, ಐದು ದಾಟಿದವು, ಹೀಗೆ ವಯಸ್ಸಿನ ಪ್ರಕಾರ. ಹಳೆಯದಾದಷ್ಟೂ ಕೇಸಿಗೆ ಮರ್ಯಾದೆ ಜಾಸ್ತಿ, ಬೇಗ ಸರದಿ ಬರುತ್ತಿತ್ತು. ಈ ತಿಂಗಳ ಕೊನೆಯ ಅಂಕಿಯೇ ಮುಂದಿನ ತಿಂಗಳ ಮೊದಲ ಅಂಕಿ. ಅದು ತಪ್ಪುವ ಹಾಗಿಲ್ಲ.

ಆ ಹಾಳೆ ನಮ್ಮಲ್ಲಿಂದ ‘ಮೇಲಕ್ಕೆ’ ಹೋಗುತ್ತಿತ್ತು. ನಾವೆಲ್ಲ ಹಾಗೇ ಅನ್ನುತ್ತಿದ್ದೆವು, ಮೇಲಕ್ಕೆ, ಏನೋ ದೇವರ ಹತ್ತಿರ ಹೋಗುತ್ತೆ ಅನ್ನುವ ಹಾಗೆ. ಅಲ್ಲಿ ಎಲ್ಲಾ ಜಿಲ್ಲೆಗಳ ಹಾಳೆಗಳನ್ನೂ ಕೂಡಿಸಿ, ಇಡೀ ರಾಜ್ಯದ ಒಂದು ಮೊತ್ತ ಮಾಡಿ, ಸರ್ಕಾರಕ್ಕೆ ಕಳಿಸುತ್ತಿದ್ದರು. ಸರ್ಕಾರದ ದೊಡ್ಡ ಅಧಿಕಾರಿಗಳು ಅದನ್ನು ಮುಂದಿಟ್ಟುಕೊಂಡೇ ಯಾವ ಊರಿಗೆ ಹೊಸ ಕೋರ್ಟು ಬೇಕು, ಎಷ್ಟು ಜನ ಜಡ್ಜು ಬೇಕು ಎಂದು ತೀರ್ಮಾನಿಸುತ್ತಾರೆ ಎಂದು ಶಿರಸ್ತೇದಾರರು ಹೇಳಿದ್ದರು. ನಾನು ಕೇಳಿ ತಲೆಯಾಡಿಸಿದ್ದೆ, ಅಷ್ಟೇ. ಶಾಲೆಯಲ್ಲಿ ಸೂರ್ಯ ಎಷ್ಟು ದೂರ ಇದ್ದಾನೆ ಎಂದು ಹೇಳಿದಾಗ ತಲೆಯಾಡಿಸುತ್ತೇವಲ್ಲ, ಹಾಗೆ.

ಆದರೆ ಆ ಕರೆಯುವುದು ಇತ್ತಲ್ಲ, ಅದು ಮೊದಲ ದಿನದಿಂದಲೂ ನನಗೆ ಬೆರಗು.

ಶಿರಸ್ತೇದಾರರು ಚಿಕ್ಕಂದಿನಲ್ಲಿ ಚಾಮರಾಜಪೇಟೆಯ ಒಂದು ಪಾಠಶಾಲೆಯಲ್ಲಿ ವೇದ ಕಲಿತವರು. ಒಂದಕ್ಷರವೂ ಜಾರಬಾರದು ಎಂದು ಪದಗಳನ್ನು ಮುಂದಕ್ಕೂ ಹಿಂದಕ್ಕೂ ಹೇಳಿಸುತ್ತಿದ್ದರಂತೆ. ಅದೇ ಅಭ್ಯಾಸವನ್ನು ಅವರು ಕೇಸಿನ ನಂಬರುಗಳಿಗೆ ಹಚ್ಚಿದ್ದರು. ಕಣ್ಣು ಮುಚ್ಚಿ, ಒಂದು ಕೈಯನ್ನು ರಿಜಿಸ್ಟರಿನ ಸಾಲಿನ ಮೇಲಿಟ್ಟು, ಕಣ್ಣು ತೆರೆದು, "ಎರಡು ಒಂಬತ್ತು ನಾಲ್ಕು" ಎಂದು ರಾಗವಾಗಿ ಕರೆಯುತ್ತಿದ್ದರು. ಕೂಡಲೇ "ನಾಲ್ಕು ಒಂಬತ್ತು ಎರಡು." ನಾನು ನನ್ನ ಮುಂದಿದ್ದ ಆದೇಶದ ಹಾಳೆ ನೋಡಿ, ಇನ್ನೂ ನಡೆಯುತ್ತಿದ್ದರೆ "ಇದೆ" ಎನ್ನಬೇಕು, ತೀರ್ಮಾನವಾಗಿದ್ದರೆ "ಮುಗೀತು" ಎನ್ನಬೇಕು. "ಮುಗೀತು" ಎಂದರೆ ರಿಜಿಸ್ಟರಿನ ಆ ಸಾಲಿಗೆ ನಾನೇ ಹಸಿರು ಶಾಯಿಯಲ್ಲಿ ಒಂದು ಟಿಕ್ ಹಾಕಬೇಕು. ಮಾರನೆಯ ದಿನ ದಫೇದಾರರು ಆ ಕೇಸಿನ ಕಾಗದಗಳ ಕಟ್ಟನ್ನು ಬಾಕಿ ಕೇಸುಗಳ ರ‍್ಯಾಕಿನಿಂದ ಇಳಿಸಿ ಮುಗಿದ ಕೇಸುಗಳ ರ‍್ಯಾಕಿಗೆ ಏರಿಸುತ್ತಿದ್ದರು.

ಕಾನ್ವೆಂಟಿನ ಚಾಪೆಲ್ಲಿನಲ್ಲಿ ನಾವು ಹಿಂದೂ ಹುಡುಗಿಯರೂ ಹಿಂದಿನ ಸಾಲಿನಲ್ಲಿ ನಿಂತು ಲಿಟನಿ ಕೇಳುತ್ತಿದ್ದೆವು. ಸಿಸ್ಟರ್ ಸಂತರ ಹೆಸರು ಒಂದೊಂದಾಗಿ ಕರೆಯುವುದು, ಎಲ್ಲರೂ ‘ಪ್ರೇ ಫಾರ್ ಅಸ್’ ಎನ್ನುವುದು. ಅರ್ಥ ಗೊತ್ತಿಲ್ಲದಿದ್ದರೂ ಮೈ ಜುಮ್ಮೆನ್ನುತ್ತಿತ್ತು. ಮೂವತ್ತು ವರ್ಷದ ಮೇಲೆ ಫೈಲಿನ ಧೂಳಿನಲ್ಲಿ ಕೂತು "ಇದೆ... ಇದೆ... ಇದೆ... ಮುಗೀತು" ಎನ್ನುವಾಗ ಅದೇ ಜುಮ್ಮು. ಒಂದು ಸಲ ಶಿರಸ್ತೇದಾರರಿಗೆ ಇದನ್ನು ಹೇಳಿದೆ. ಅವರು ನಕ್ಕು, "ನಿಮ್ಮ ಸಂತರು ಸ್ವರ್ಗದಲ್ಲಿದ್ದಾರಮ್ಮ. ನಮ್ಮವರು ವರಾಂಡದಲ್ಲಿ ಕೂತಿದ್ದಾರೆ" ಎಂದರು.

ಅವರಿಗೆ ಒಂದೇ ಒಂದು ಹೆಮ್ಮೆ ಇತ್ತು. ಅಷ್ಟು ವರ್ಷದ ಸರ್ವೀಸಿನಲ್ಲಿ ಅವರು ಕಳಿಸಿದ ಯಾವ ಸ್ಟೇಟ್‌ಮೆಂಟಿಗೂ ಮೇಲಿನಿಂದ ‘ಕ್ವೆರಿ’ ಬಂದಿರಲಿಲ್ಲ. ಅಂದರೆ, ಇದು ಯಾಕೆ ಹೀಗೆ ಎಂದು ಕೇಳುವ ಕಾಗದ. ಬೇರೆ ಕೋರ್ಟಿನವರಿಗೆ ಅದು ತಿಂಗಳಿಗೊಂದು ಬರುತ್ತಿತ್ತು, ಅವರು ಅದರಲ್ಲಿ ಕಡಲೆಕಾಯಿ ಕಟ್ಟಿಕೊಳ್ಳುತ್ತಿದ್ದರು. ನಮ್ಮವರಿಗೆ ಒಂದೂ ಇಲ್ಲ. ಯಾರಾದರೂ ಆ ಮಾತೆತ್ತಿದರೆ ಮರದ ಮೇಜನ್ನು ಮುಟ್ಟಿಕೊಳ್ಳುತ್ತಿದ್ದರು, ಅಷ್ಟು ಜೋಪಾನ.

ತಪ್ಪಾದದ್ದು ಒಂದು ಆಗಸ್ಟ್ ತಿಂಗಳ ಕೊನೆಯಲ್ಲಿ. ಗೌರಿ ಹಬ್ಬಕ್ಕೆ ಎರಡೇ ದಿನ. ನನ್ನ ತಲೆಯೆಲ್ಲ ಗಾಂಧಿ ಬಜಾರಿನಲ್ಲಿತ್ತು. ಬಾಗಿನಕ್ಕೆ ಮೊರ ತಂದಿರಲಿಲ್ಲ, ಬಳೆ ತಂದಿರಲಿಲ್ಲ, ಸಂಜೆ ಹೊತ್ತಿಗೆ ಒಳ್ಳೆಯ ಮೊರಗಳೆಲ್ಲ ಖಾಲಿಯಾಗಿ ಸೀಳು ಬಿದ್ದವೇ ಉಳಿಯುತ್ತವೆ. ಶಿರಸ್ತೇದಾರರು ಒಂದು ನಂಬರ್ ಕರೆದರು, ಮುಂದಕ್ಕೆ, ಹಿಂದಕ್ಕೆ. ನಾನು ಹಾಳೆ ನೋಡಿದೆ. ಪುಟದ ಕೊನೆಯಲ್ಲಿ ‘ಡಿಸ್‌ಮಿಸ್ಡ್’ ಎಂದಿತ್ತು, ಅಂದರೆ ವಜಾ.

"ಮುಗೀತು," ಎಂದೆ.

ಹಸಿರು ಟಿಕ್ ಬಿತ್ತು. ಮೊರವೂ ಸಿಕ್ಕಿತು.

ಮುಂದಿನ ಏಪ್ರಿಲ್ಲಿನವರೆಗೆ ನನಗೆ ಏನೂ ತಿಳಿಯಲಿಲ್ಲ. ತಿಳಿಯುವ ಹಾಗೂ ಇರಲಿಲ್ಲ. ರಿಜಿಸ್ಟರಿನಲ್ಲಿ ಮುಗಿದಿದೆ, ಕಟ್ಟು ಮುಗಿದವುಗಳ ರ‍್ಯಾಕಿನಲ್ಲಿದೆ, ಮೇಲೆ ಹೋದ ಹಾಳೆಯಲ್ಲೂ ಮುಗಿದಿದೆ. ಮೂರೂ ಒಂದಕ್ಕೊಂದು ಸರಿಯಾಗಿ ಹೊಂದುತ್ತಿದ್ದವು. ಇಷ್ಟು ಚೆನ್ನಾಗಿ ಹೊಂದಿಕೊಂಡ ತಪ್ಪನ್ನು ನಾನು ಜೀವನದಲ್ಲಿ ಇನ್ನೊಂದು ಕಂಡಿಲ್ಲ.

ನಮ್ಮ ವರಾಂಡದ ಬೆಂಚಿನ ತುದಿಯಲ್ಲಿ ಒಬ್ಬ ಹೆಂಗಸು ಕೂತಿರುತ್ತಿದ್ದದ್ದನ್ನು ಮಾತ್ರ ನೋಡಿದ್ದೆ. ಅರವತ್ತರ ಹತ್ತಿರದವರು, ಎಣ್ಣೆ ಹಚ್ಚಿ ಬಿಗಿಯಾಗಿ ಕಟ್ಟಿದ ತುರುಬು, ಕೈಯಲ್ಲಿ ವೈರಿನ ಬುಟ್ಟಿ. ಬೆಳಿಗ್ಗೆ ದಫೇದಾರರು ಕೇಸು ಕೂಗುವುದಕ್ಕೆ ಶುರು ಮಾಡಿದಾಗ ಎದ್ದು ನಿಲ್ಲುತ್ತಿದ್ದರು, ಕೂಗಿ ಮುಗಿಸಿದ ಮೇಲೆ ಕೂರುತ್ತಿದ್ದರು. ಆಮೇಲೆ ಹೋಗಿಬಿಡುತ್ತಿದ್ದರು. ಮತ್ತೆ ಮುಂದಿನ ತಿಂಗಳು. ಆ ಏಪ್ರಿಲ್‌ನಲ್ಲಿ ನಾನು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುತ್ತಾ, ಸುಮ್ಮನೆ ಕೇಳಿದೆ.

"ನಿಮ್ಮದು ಯಾವ ಕೇಸಮ್ಮ?"

"ದಾರೀದು," ಎಂದರು. "ಗವಿಪುರ. ನೀವು ಈ ಲೆಕ್ಕ ಬರೆಯೋರಲ್ವಾ ಮೇಡಮ್ಮೋರೆ? ದಫೇದಾರ್ರು ಹೇಳಿದ್ರು. ಎಷ್ಟು ಕೇಸು ಇವೆ ಅಂತ ಎಲ್ಲಾ ನಿಮಗೇ ಗೊತ್ತಂತೆ."

"ಗೊತ್ತು."

"ಹಂಗಾರೆ ನಮ್ದೂ ಅದ್ರಲ್ಲಿ ಇದ್ಯಾ ನೋಡಿ. ಏಳು ಸಲ ಬಂದೆ, ನಮ್ಮ ಹೆಸರು ಕೂಗಲೇ ಇಲ್ಲ. ಮನೆ ಗೋಡೆ ಮೇಲೆ ಇದ್ದಲಲ್ಲಿ ಗೀಟು ಎಳೆದಿದೀನಿ, ಬಂದಾಗೊಂದು. ನಮ್ಮೆಜಮಾನ್ರು ಮಲಗಿದ್ದಲ್ಲೇ ಎಣಿಸ್ತಾರೆ."

ಅವರ ಮನೆ ಬಂಡೆಯ ಬುಡದಲ್ಲಿ, ಮುಂದಿನ ಮನೆಯ ಹಿಂಭಾಗದಲ್ಲಿ. ಮುಂದಿನ ಮನೆಯ ಪಕ್ಕದ ಓಣಿಯೇ ಮೊದಲಿನಿಂದಲೂ ಅವರ ದಾರಿ. ಆ ಮನೆಯನ್ನು ಕೊಂಡ ಹೊಸಬರು ಓಣಿಗೆ ಕಬ್ಬಿಣದ ಗೇಟು ಹಾಕಿ ಬೀಗ ಜಡಿದಿದ್ದರು. ಈಗ ಹೊರಗೆ ಬರಬೇಕೆಂದರೆ ಹಿತ್ತಿಲ ಗೋಡೆಗೆ ಏಣಿ ಇಟ್ಟು ಹತ್ತಿ, ಆಚೆ ಬಂಡೆಯ ಮೇಲಿಂದ ಇಳಿಯಬೇಕು. ಇವರು ಹತ್ತುತ್ತಿದ್ದರು. ಇವರ ಗಂಡನಿಗೆ ಲಕ್ವ ಹೊಡೆದು ಒಂದು ಕಡೆ ಬಿದ್ದುಹೋಗಿತ್ತು.

"ಹಂಗಾದ್ರೆ ಆಸ್ಪತ್ರೆಗೆ?" ಎಂದೆ.

"ಒಂದ್ಸಲ ನಾಲ್ಕು ಜನ ಚಾಪೇಲಿ ಹೊತ್ತು ಗೋಡೆ ದಾಟಿಸಿದ್ರು. ಮೂಟೆ ಹಂಗೆ. ಆಮೇಲೆ ಅವ್ರೇ, ಸತ್ರೂ ಸರಿ ಇನ್ನೊಂದ್ಸಲ ಬ್ಯಾಡ ಅಂದ್ಬಿಟ್ರು. ರಸ್ತೆ ನೋಡಿ ಮೂರು ವರ್ಷ ಆಯ್ತು. ಮೊದ್ಲು ಆಟೋ ಓಡಿಸ್ತಿದ್ದೋರು ಮೇಡಮ್ಮೋರೆ. ಹಾರನ್ ಕೇಳಿಸಿದ್ರೆ ಯಾವ ಗಾಡಿ ಅಂತ ಮಲಗಿದ್ದಲ್ಲೇ ಹೇಳ್ತಾರೆ."

ವಕೀಲರು? ವಕೀಲರು ಮೈಸೂರಿಗೆ ಮಗಳ ಮನೆಗೆ ಹೋಗಿ ಅಲ್ಲೇ ಉಳಿದುಬಿಟ್ಟಿದ್ದರಂತೆ. ಹೋಗುವಾಗ, ಡೇಟು ಬಂದಾಗ ಕೂಗುತ್ತಾರೆ ಎಂದಿದ್ದರಂತೆ.

ನಂಬರು ಇವರಿಗೆ ಬಾಯಿಗೆ ಬರುತ್ತಿತ್ತು. ನಾನು ಒಳಗೆ ಹೋಗಿ ರಿಜಿಸ್ಟರ್ ತೆಗೆದೆ. ಆ ನಂಬರಿನ ಎದುರು ಹಸಿರು ಟಿಕ್. ನನ್ನದೇ. ನನ್ನ ಟಿಕ್ಕಿನ ಬಾಲ ಸ್ವಲ್ಪ ಉದ್ದ, ಬೇರೆಯವರದ್ದು ಎನ್ನುವ ಹಾಗೇ ಇಲ್ಲ. ದಫೇದಾರರಿಗೆ ಹೇಳಿ ಮುಗಿದ ರ‍್ಯಾಕಿನಿಂದ ಕಟ್ಟು ಇಳಿಸಿಸಿದೆ. ಆದೇಶ ತೆರೆದು, ಈ ಸಲ ಮೊದಲ ಸಾಲಿನಿಂದ ಓದಿದೆ. ಅದು ದಾವೆಯ ತೀರ್ಪೇ ಅಲ್ಲ. ದಾವೆ ಮುಗಿಯುವ ತನಕ ಗೇಟು ತೆಗೆಸಿಕೊಡಿ ಎಂದು ಇವರು ನಡುವೆ ಹಾಕಿಕೊಂಡಿದ್ದ ಒಂದು ಸಣ್ಣ ಅರ್ಜಿಯ ಮೇಲಿನ ಆದೇಶ. ವಜಾ ಆಗಿದ್ದದ್ದು ಆ ಅರ್ಜಿ. ಪುಟ ತಿರುಗಿಸಿದೆ. ಹಿಂಬದಿಯಲ್ಲಿ ಒಂದೇ ಸಾಲು ಇತ್ತು, ದಾವೆ ಮುಂದುವರಿಯತಕ್ಕದ್ದು, ಸಾಕ್ಷಿಗೆ ಇಂಥ ದಿನ.

ಆಗಸ್ಟಿನಲ್ಲಿ ನಾನು ಪುಟ ತಿರುಗಿಸಿರಲಿಲ್ಲ.

ಮೈ ಗಾಡ್, ಎಂದು ಎಷ್ಟು ಸಲ ಅಂದುಕೊಂಡೆನೋ. ಜಡ್ಜ್ ಸಾಹೇಬರು ಜೀವಂತವಾಗಿಟ್ಟ ಕೇಸನ್ನು, ಮೊರದ ಯೋಚನೆಯಲ್ಲಿದ್ದ ಒಬ್ಬ ಹೆಂಗಸು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಿದ್ದಳು. ನಾನು ಯಾವತ್ತೂ ತಿಳಿದುಕೊಂಡಿದ್ದದ್ದು, ಕೋರ್ಟಿನಲ್ಲಿ ಏನಾಗುತ್ತದೋ ಅದನ್ನು ನಾವು ಲೆಕ್ಕ ಬರೆಯುತ್ತೇವೆ ಅಂತ. ನಾವು ಬರೆದ ಹಾಗೆ ಕೋರ್ಟಿನಲ್ಲಿ ಆಗಿಬಿಡಬಹುದು ಎಂದು ಕನಸಿನಲ್ಲೂ ಹೊಳೆದಿರಲಿಲ್ಲ. ಆ ಪುಟ್ಟ ಹಸಿರು ಗೀಟನ್ನು ನೋಡುತ್ತಾ ನನಗೆ ಭಯದ ಜೊತೆಗೇ ಒಂದು ವಿಚಿತ್ರ ವಿಸ್ಮಯ. ಇಷ್ಟು ಶಕ್ತಿ ಇದಕ್ಕೆ ಎಲ್ಲಿಂದ ಬಂತು?

ಶಿರಸ್ತೇದಾರರ ಮುಂದೆ ಕಟ್ಟು ಇಟ್ಟು ಎಲ್ಲ ಹೇಳಿದೆ. ಅವರು ಪೂರ್ತಿ ಓದಿದರು. ಕನ್ನಡಕ ತೆಗೆದು ಒರೆಸಿದರು.

"ಹೊರಗೆ ಇದ್ದಾರಾ ಆಕೆ?"

"ಇದ್ದಾರೆ ಸರ್."

"ಕಾಫಿ ಕೊಟ್ರಾ?"

"ಇಲ್ಲ."

"ಕೊಡಿ ಮೊದಲು. ಆಮೇಲೆ ಅಳುವಿರಂತೆ."

ಅವತ್ತೇ ಅವರು ಚೇಂಬರಿಗೆ ಹೋಗಿ ಸಾಹೇಬರಿಗೆ ವಿಷಯ ತಿಳಿಸಿದರು. ಸಾಹೇಬರು ಕೇಸನ್ನು ಮತ್ತೆ ಪಟ್ಟಿಗೆ ತರಲು ಹೇಳಿ, ಲೆಕ್ಕದ ವಿಷಯ ನೀವೇ ಸರಿಮಾಡಿ ಎಂದರಂತೆ. ಹೇಗೆ ಸರಿಮಾಡುವುದು ಎನ್ನುವುದೇ ಕಷ್ಟವಾಗಿದ್ದು.

ದಾರಿ ಎರಡಿತ್ತು. ಒಂದು ಸುಲಭದ್ದು. ಈ ತಿಂಗಳ ಸ್ಟೇಟ್‌ಮೆಂಟಿನಲ್ಲಿ ‘ಇತರೆ ರೀತಿಯಲ್ಲಿ ಬಂದದ್ದು’ ಎನ್ನುವ ಕಾಲಮ್ಮಿಗೆ ಒಂದು ಸೇರಿಸಿದರೆ ಆಯಿತು. ಯಾರೂ ಕೇಳುವುದಿಲ್ಲ. ಬೇರೆ ಕೋರ್ಟಿನಿಂದ ಒಂದೆರಡು ಹಾಗೆ ಬರುತ್ತಲೇ ಇರುತ್ತವೆ. ಆದರೆ ಆ ಕಾಲಮ್ಮಿನಲ್ಲಿ ಬಂದ ಕೇಸು, ನಮ್ಮ ಲೆಕ್ಕದಲ್ಲಿ ಈ ತಿಂಗಳು ಹುಟ್ಟಿದ ಕೂಸು. ವಯಸ್ಸಿನ ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಳಗೆ ಹೋಗುತ್ತಿತ್ತು. ಗವಿಪುರದ ಹೆಂಗಸು ಕಾದಿದ್ದ ವರ್ಷಗಳೆಲ್ಲ ಅಳಿಸಿ, ಸರದಿಯ ಬಾಲಕ್ಕೆ ನಿಲ್ಲಬೇಕಾಗಿತ್ತು. ಇನ್ನೊಂದು ದಾರಿ, ಆಗಸ್ಟಿನಿಂದ ಮಾರ್ಚಿನವರೆಗಿನ ಎಂಟೂ ಸ್ಟೇಟ್‌ಮೆಂಟುಗಳು ತಪ್ಪು ಎಂದು ಮೇಲಕ್ಕೆ ಬರೆದು, ಎಂಟನ್ನೂ ತಿದ್ದಿ ಕಳಿಸುವುದು. ಆಗ ಕೇಸು ತನ್ನ ವಯಸ್ಸಿನೊಂದಿಗೇ ತನ್ನ ಜಾಗಕ್ಕೆ ಬರುತ್ತಿತ್ತು. ಮತ್ತು ಮೇಲಿನಿಂದ ಕ್ವೆರಿಯೂ ಬರುತ್ತಿತ್ತು, ತಪ್ಪದೆ. ಶಿರಸ್ತೇದಾರರ ನಿವೃತ್ತಿ ಜೂನ್ ಕೊನೆಗೆ. ಮೂರು ತಿಂಗಳೂ ಇರಲಿಲ್ಲ.

ನಾನು ಯಾವ ಬಾಯಲ್ಲಿ ಹೇಳಲಿ? ನನ್ನ ತಪ್ಪಿಗೆ ನಿಮ್ಮ ಹೆಮ್ಮೆ ಕೊಡಿ ಅನ್ನಲೇ? ಅಥವಾ ಆಕೆ ಇನ್ನೊಂದೆರಡು ವರ್ಷ ಏಣಿ ಹತ್ತಲಿ ಅನ್ನಲೇ?

ಶಿರಸ್ತೇದಾರರು ಮಾರನೆಯ ದಿನ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಎಂಟು ತಿಂಗಳ ಆಫೀಸ್ ಕಾಪಿಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದರು.

"ಬಾಗಿಲು ಮುಂದೆ ಮಾಡಿ," ಎಂದರು.

"ತಿಂಗಳ ಕೊನೆ ಅಲ್ಲವಲ್ಲ ಸರ್?"

"ಎಂಟು ತಿಂಗಳ ಕೊನೆ ಇದೆಯಮ್ಮ ಇವತ್ತು. ಹಸಿರು ಶಾಯಿ ತುಂಬಿಸ್ಕೊಳ್ಳಿ."

ಮೂರು ದಿನ ಕರೆದೆವು. ಒಂದೇ ಅಂಕಿ ತಿದ್ದಬೇಕಾದದ್ದು, ಆದರೆ ಅವರು ಬಿಡಲಿಲ್ಲ. ಒಂದು ಜಾರಿದ ಕಡೆ ಇನ್ನೊಂದು ಜಾರಿರಬಹುದು ಎಂದು ಎಂಟು ತಿಂಗಳನ್ನೂ ಮೊದಲಿನಿಂದ, ಮುಂದಕ್ಕೆ, ಹಿಂದಕ್ಕೆ. ಪ್ರತಿ "ಮುಗೀತು" ಎನ್ನುವ ಮೊದಲು ನಾನು ಪುಟ ತಿರುಗಿಸುತ್ತಿದ್ದೆ. ಹಿಂದೆ ಬರೀ ಬಿಳಿ ಹಾಳೆಯಿದ್ದರೂ ತಿರುಗಿಸುತ್ತಿದ್ದೆ. ಆ ಸದ್ದು ಕೇಳಿದಾಗೆಲ್ಲ ಅವರ ತುಟಿಯಂಚು ಅಲ್ಲಾಡುತ್ತಿತ್ತು. ಬೇರೆ ತಪ್ಪು ಸಿಗಲಿಲ್ಲ. ಆ ಒಂದು ನಂಬರು ಬಂದಾಗ ಕರೆದು ನನ್ನ ಕಡೆ ತಿರುಗಿದರು. ನಾನು "ಇದೆ" ಎಂದೆ. ಅವರು ಇನ್ನೊಂದು ಸಲ ಕರೆದರು. ನಾನು ಮತ್ತೆ "ಇದೆ ಸರ್" ಎಂದೆ.

ಪತ್ರದ ಇಂಗ್ಲಿಷ್ ನಾನೇ ಬರೆದೆ. ತಪ್ಪು ನನ್ನದೆಂದು ನನ್ನ ಹುದ್ದೆ ಸಮೇತ ಬರೆದಿದ್ದೆ. ಅವರು ಆ ಸಾಲನ್ನು ಹೊಡೆದು ಹಾಕಿ, ಕೆಳಗೆ ಸಹಿ ಮಾಡಿರುವವನದು ಎಂದು ತಿದ್ದಿದರು.

"ಸರ್, ಇದು ಸರಿಯಲ್ಲ. ಹೇಳಿದವಳು ನಾನು."

"ಕರೆದವನು ನಾನು. ಕೇಳಿಸಿಕೊಂಡವನೂ ನಾನೇ. ಕಣ್ಣು ಎರಡು ಜೊತೆ ಇರೋದು ಯಾಕಮ್ಮ ಈ ರೂಮಿನಲ್ಲಿ? ನಿಮ್ಮ ಇಂಗ್ಲಿಷ್ ನಂಬಿ ನನ್ನ ಕಣ್ಣಿಗೆ ರಜ ಕೊಟ್ಟಿದ್ದೆ." ಮತ್ತೆ ಕೆಳಗೆ ನೋಡಿ, "ಇದೇನಿದು, ಇನ್‌ಅಡ್ವರ್ಟೆಂಟ್ಲಿ, ಕಣ್ತಪ್ಪಿನಿಂದ ಅಂತ? ತೆಗೀರಿ. ತಪ್ಪು ಮಾಡಿದೋರೆಲ್ಲ ಈ ಪದ ಹಾಕ್ತಾರೆ. ಪುಟ ತಿರುಗಿಸಲಿಲ್ಲ ಅಂತ ಬರೀರಿ, ಅಷ್ಟೇ ಆಗಿದ್ದು."

ತಿದ್ದಿದ ಹಾಳೆಗಳನ್ನು ಟಪಾಲಿಗೆ ಹಾಕಲು ಅವರಿಗೆ ಮನಸ್ಸಾಗಲಿಲ್ಲ. ನೀವೇ ತೆಗೆದುಕೊಂಡು ಹೋಗಿ ಎಂದರು. ಹಾಗೆ ನಾನು ಮೊದಲ ಸಲ ‘ಮೇಲೆ’ ಹೋದೆ.

ಮೇಲೆ ಎಂದರೆ ಎತ್ತರದ ಕಿಟಕಿಗಳ ಒಂದು ಉದ್ದನೆಯ ಹಾಲು. ಜಿಲ್ಲೆಗೊಂದು ಮೇಜು. ಪ್ರತಿ ಮೇಜಿನ ಮೇಲೂ ದಾರದಲ್ಲಿ ಪೋಣಿಸಿದ ಹಾಳೆಗಳು, ಬೀದರಿನದ್ದು, ಮಂಗಳೂರಿನದ್ದು, ಕೋಲಾರದ್ದು. ನಾನು ಕಾಣದ ಊರುಗಳಲ್ಲಿ, ನನ್ನ ಹಾಗೇ ಯಾರೋ ಬಾಗಿಲು ಮುಂದೆ ಮಾಡಿಕೊಂಡು ಎಣಿಸಿ ಕಳಿಸಿದವು. ನಡುವೆ ದೊಡ್ಡ ಮೇಜು, ಅದರ ಮೇಲೆ ಹಾಸಿದ ಒಂದು ಅಗಲವಾದ ಹಾಳೆ. ನಮ್ಮ ಮನೆಯ ಮಂಚದ ಹೊದಿಕೆಯಷ್ಟು ಅಗಲ ಇತ್ತು. ಸಾಲು ಸಾಲಾಗಿ ಇಡೀ ರಾಜ್ಯ. ಅದರ ಮುಂದೆ ನನ್ನ ವಯಸ್ಸಿನದೇ ಒಬ್ಬ ಹೆಂಗಸು, ಕಿವಿಯ ಹಿಂದೆ ಪೆನ್ಸಿಲ್, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಡುಗೆಮನೆಯಲ್ಲಿ ನಿಂತ ಹಾಗೆ ನಿಂತಿದ್ದರು. ನನ್ನ ಪತ್ರ ಓದಿದರು.

"ಎಂಟು ತಿಂಗಳು ರಿವೈಸ್ಡಾ? ಎಷ್ಟು ಕೇಸು?"

"ಒಂದು."

"ಒಂದು ಸಾವಿರಾನಾ?"

"ಇಲ್ಲ, ಒಂದು. ಒಂದೇ."

ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಏನ್ರೀ ಇದು! ನೂರು ತಪ್ಪು ಮಾಡ್ಕೊಂಡು ಬಂದಿದ್ರೆ ಏನೋ ಕೂರಿಸಿ ಕಾಫಿ ಕೊಡ್ತಿದ್ದೆ. ಒಂದಕ್ಕೋಸ್ಕರ ನನ್ನ ಎಂಟು ಶೀಟು ಕೆರೆಸ್ತೀರಾ? ಮುಂದಿನ ತಿಂಗಳಲ್ಲಿ ಅಡ್ಜಸ್ಟ್ ಮಾಡ್ಕೊಳ್ಳೋಕೆ ಆಗ್ಲಿಲ್ವಾ?"

"ಆಗಲ್ಲ," ಎಂದೆ. "ಆಕೆ ಗಂಡ ಮೂರು ವರ್ಷದಿಂದ ರಸ್ತೆ ನೋಡಿಲ್ಲ."

ಲೆಕ್ಕದ ಆಫೀಸಿನಲ್ಲಿ ಹೇಳುವ ಮಾತೇ ಅಲ್ಲ ಅದು. ಆದರೂ ಅವರು ಕೇಳಿದರು, ನಾನು ಗೇಟು, ಏಣಿ, ಚಾಪೆ ಎಲ್ಲ ಹೇಳಿದೆ. ಅವರು ಕಿವಿಯ ಹಿಂದಿನ ಪೆನ್ಸಿಲ್ ತೆಗೆದು, ರಬ್ಬರನ್ನು ಊದಿ, ಆಗಸ್ಟಿನ ಹಾಳೆ ಬಿಚ್ಚಿದರು.

ನಾನು ನಿಂತು ನೋಡಿದೆ. ನಮ್ಮ ಕೋರ್ಟಿನ ಸಾಲಿನಲ್ಲಿ ಕೊನೆಯ ಅಂಕಿ ಅಳಿಸಿದರು, ಒಂದು ಹೆಚ್ಚು ಬರೆದರು. ಅದರಿಂದ ಜಿಲ್ಲೆಯ ಮೊತ್ತ ಬದಲಾಯಿತು. ಬೆರಳು ಕೆಳಗೆ ಜಾರಿತು, ರಾಜ್ಯದ ಮೊತ್ತ ಬದಲಾಯಿತು. ಆಮೇಲೆ ಸರ್ಕಾರಕ್ಕೆ ಹೋಗುವ ಹಾಳೆಯ ನಕಲು ತೆಗೆದು ಅಲ್ಲಿಯೂ. ವಯಸ್ಸಿನ ಪಟ್ಟಿಯಲ್ಲಿ, ಎರಡು ವರ್ಷ ದಾಟಿದವುಗಳ ಸಾಲಿನಲ್ಲಿ, ಒಂದು. ಮತ್ತೆ ಸೆಪ್ಟೆಂಬರ್. ಮತ್ತೆ ಅಕ್ಟೋಬರ್. ದೊಡ್ಡ ದೊಡ್ಡ ಅಂಕಿಗಳು, ಉದ್ದಕ್ಕೆ ರೈಲಿನ ಹಾಗೆ. ಪ್ರತಿಯೊಂದರಲ್ಲೂ ಕೊನೆಯ ಡಬ್ಬಿ ಮಾತ್ರ ಅಲುಗಿತು.

ಇಷ್ಟು ವಯಸ್ಸಾಯಿತು, ನಾನು ಸಮುದ್ರ ನೋಡಿದ್ದೇನೆ, ಹಿಮಾಲಯವನ್ನು ದೂರದಿಂದ ನೋಡಿದ್ದೇನೆ. ಅವತ್ತಿನ ಹಾಗೆ ಮಾತು ನಿಂತದ್ದು ಎಲ್ಲೂ ಇಲ್ಲ. ಬೀದರಿನಿಂದ ಕೋಲಾರದವರೆಗಿನ ಅಷ್ಟೂ ಜನರ ಜಗಳ, ಅಷ್ಟೂ ಜನರ ಕಾಯುವಿಕೆ ಆ ಒಂದು ಮೊತ್ತದಲ್ಲಿತ್ತು. ಗವಿಪುರದ ಬಂಡೆಯ ಬುಡದಲ್ಲಿ ಇದ್ದಲಿನಲ್ಲಿ ಗೀಟೆಳೆಯುವ ಒಬ್ಬ ಹೆಂಗಸಿಗೋಸ್ಕರ ಆ ಮೊತ್ತ ಸರಿದು ಜಾಗ ಬಿಟ್ಟಿತು. ಆಕೆ ಇಲ್ಲದೆ ಅದು ಸುಳ್ಳಾಗಿತ್ತು. ಇಡೀ ರಾಜ್ಯದ ಲೆಕ್ಕ ಎಂಟು ತಿಂಗಳು ಆಕೆಯೊಬ್ಬಳು ಇಲ್ಲದೆ ಸುಳ್ಳಾಗಿತ್ತು.

ಎಂಟೂ ಮುಗಿದ ಮೇಲೆ ಆ ಹೆಂಗಸು ರಬ್ಬರಿನ ಪುಡಿಯನ್ನು ಅಂಗೈಯಲ್ಲಿ ಬಳಿದು ಬುಟ್ಟಿಗೆ ಹಾಕಿದರು. "ಎಕ್ಸ್‌ಪ್ಲನೇಶನ್ ಮಾತ್ರ ಕೇಳ್ತಾರೆ ಕಣ್ರೀ," ಎಂದರು, "ಅದು ನನ್ನ ಕೈಲಿಲ್ಲ. ಕೂತ್ಕೊಳ್ಳಿ, ಕಾಫಿ ಕುಡೀರಿ."

ಕ್ವೆರಿ ಬಂದದ್ದು ಜೂನ್ ತಿಂಗಳಲ್ಲಿ, ಶಿರಸ್ತೇದಾರರ ನಿವೃತ್ತಿಗೆ ಒಂದು ವಾರ ಇರುವಾಗ. ಹಳದಿ ಕಾಗದ. ಅವರು ನಿಂತೇ ಓದಿ, ನಿಂತೇ ಎರಡು ಸಾಲು ಉತ್ತರ ಬರೆದರು. ಒಂದು ಪ್ರತಿಯನ್ನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು. ಬೀಳ್ಕೊಡುಗೆಯ ದಿನ ಭಾಷಣ ಮಾಡಿದವರೆಲ್ಲ, ಒಂದೂ ಕ್ವೆರಿ ಇಲ್ಲದ ಸರ್ವೀಸು ಎಂದು ಹಳೆಯ ಮಾತನ್ನೇ ಹೊಗಳಿದರು. ಅವರು ಹಾರದ ನಡುವಿನಿಂದ ಕೈಯೆತ್ತಿ, "ಒಂದಿದೆ, ಒಂದಿದೆ. ಲೆಕ್ಕ ಸರಿಯಾಗಿ ಹೇಳಿ" ಎಂದರು. ಎಲ್ಲರೂ ತಮಾಷೆ ಎಂದು ನಕ್ಕರು. ನಾನು ತಲೆ ತಗ್ಗಿಸಿ ಬಾಳೆಹಣ್ಣಿನ ಸಿಪ್ಪೆ ಸುಲಿಯುತ್ತಾ ಕೂತೆ.

ಅಷ್ಟರಲ್ಲಿ ದಾವೆ ನಡೆಯತೊಡಗಿತ್ತು. ಬೇಸಿಗೆ ರಜಕ್ಕೆ ಮೊದಲೇ ಒಂದು ಬೆಳಿಗ್ಗೆ ದಫೇದಾರರು ಎಂದಿಗಿಂತ ಜೋರಾಗಿ ಆ ಹೆಸರು ಕೂಗಿದ್ದರು. ಅವರಿಗೂ ಕಥೆ ಗೊತ್ತಿತ್ತಲ್ಲ. ಬೆಂಚಿನ ತುದಿಯಲ್ಲಿ ನಿಂತಿದ್ದ ಹೆಂಗಸು ತಮ್ಮ ಹೆಸರು ಕೇಳಿ, ಅಭ್ಯಾಸಬಲದಿಂದ ಕೂತುಬಿಟ್ಟರು. "ಏಳಮ್ಮಾ, ನಿನ್ನನ್ನೇ ಕರೀತಿರೋದು!" ಎಂದು ದಫೇದಾರರು ಗದರಿದರು. ಹೊಸ ವಕೀಲರು ಸಿಕ್ಕರು. ಹಳೆಯ ಕೇಸು ಎಂದು ಡೇಟುಗಳು ಹತ್ತಿರ ಹತ್ತಿರ ಬಿದ್ದವು. ಮರುವರ್ಷ ಸಂಕ್ರಾಂತಿ ಕಳೆದ ಮೇಲೆ ತೀರ್ಪಾಯಿತು. ಓಣಿ ಅವರ ದಾರಿಯೇ, ಗೇಟು ತೆಗೆಯತಕ್ಕದ್ದು.

ಆಕೆ ಬಂದು ಮನೆಗೆ ಕರೆದರು. ನಾನು ಒಂದು ಭಾನುವಾರ ಚಾಮರಾಜಪೇಟೆಯ ನಮ್ಮ ಮನೆಯಿಂದ ನಡೆದೇ ಹೋದೆ. ಓಣಿಯ ಬಾಯಲ್ಲಿ, ಗೇಟು ಕಿತ್ತ ಗುಳಿಗಳ ಪಕ್ಕದಲ್ಲಿ, ಒಂದು ಕಬ್ಬಿಣದ ಕುರ್ಚಿ. ಕುರ್ಚಿಯ ಮೇಲೆ ಸ್ವೆಟರ್ ಹಾಕಿದ ಒಬ್ಬರು, ಒಂದು ಕೈಯನ್ನು ಇನ್ನೊಂದು ಕೈಯಲ್ಲಿ ಎತ್ತಿ ತೊಡೆಯ ಮೇಲಿಟ್ಟುಕೊಂಡು ರಸ್ತೆ ನೋಡುತ್ತಿದ್ದರು. ಯಾವುದೋ ಆಟೋ ಹೋಯಿತು. "ಕ್ಲಚ್ ಹೋಗಿದೆ ಅವನ್ದು," ಎಂದರು, ತೊದಲುತ್ತಾ, ನನ್ನ ಕಡೆ ನೋಡದೆ. ಒಳಗೆ ಗೋಡೆಯ ಮೇಲೆ ಇದ್ದಲಿನ ಗೀಟುಗಳು ಹಾಗೇ ಇದ್ದವು. ಸುಣ್ಣ ಹೊಡೆದಾಗಲೂ ಆ ಜಾಗ ಬಿಟ್ಟಿದ್ದರು. ನಾನು ಎಣಿಸಿದೆ. ನನ್ನ ಲೆಕ್ಕಕ್ಕೆ ಬಾರದ ಏಳೂ ಅಲ್ಲಿದ್ದವು. ನಾನೇ ‘ಮುಗೀತು’ ಎಂದವಳು ಎಂದು ಆಕೆಗೆ ಹೇಳಿದೆ. ಆಕೆ ತಟ್ಟೆಯನ್ನು ನನ್ನ ಮುಂದೆ ಇಟ್ಟರು. "ಮತ್ತೆ ‘ಇದೆ’ ಅಂದೋರು ಯಾರು?" ಎಂದರು. "ಅದೂ ನೀವೇ ತಾನೆ? ತಗೊಳ್ಳಿ, ಚಿತ್ರಾನ್ನ ಆರೋಗುತ್ತೆ."

ಆಮೇಲೆ ಎರಡು ಸಾವಿರದ ಹೊತ್ತಿಗೆ ನಮ್ಮ ಸೆಕ್ಷನ್ನಿಗೆ ಕಂಪ್ಯೂಟರ್ ಬಂತು. ನಂಬರ್ ಒತ್ತಿದರೆ ಸಾಕು, ಕೂಡಿಸುವುದು ಕಳೆಯುವುದು ಎಲ್ಲ ತಾನೇ ಮಾಡುತ್ತಿತ್ತು. ಬಾಗಿಲು ಮುಂದೆ ಮಾಡುವುದು ನಿಂತುಹೋಯಿತು. ಅದನ್ನೂ ನಾನು ಬೆರಗಿನಿಂದಲೇ ನೋಡಿದೆ, ಸುಳ್ಳು ಹೇಳುವುದಿಲ್ಲ. ಆದರೂ ಕೀಲಿ ಒತ್ತುವ ಮೊದಲು ಬಾಯೊಳಗೇ ಒಂದು ಸಲ ಹಿಂದಕ್ಕೆ ಹೇಳಿಕೊಳ್ಳುತ್ತಿದ್ದೆ.

ಅದೆಲ್ಲ ಇರಲಿ. ತೀರ್ಪಾದ ಆ ಜನವರಿಯ ಕೊನೆಯ ಕೆಲಸದ ದಿನದ ಮಾತು ಬಾಕಿ ಇದೆ. ಅವತ್ತು ಆ ದಾವೆಗೆ ಟಿಕ್ ಹಾಕಬೇಕಾಗಿತ್ತು, ಈ ಸಲ ನಿಜವಾಗಿ. ಬೆಳಿಗ್ಗೆ ಆಫೀಸಿಗೆ ಹೋಗುವ ಮೊದಲು ಬಸವನಗುಡಿಯಲ್ಲಿ ಇಳಿದು ಶಿರಸ್ತೇದಾರರ ಮನೆಗೆ ಹೋದೆ. ಅವರು ಜಗಲಿಯ ಮೇಲೆ ಬಿಸಿಲಿಗೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ರಿಜಿಸ್ಟರ್ ಹೊರಗೆ ತರುವ ಹಾಗಿಲ್ಲ, ಬರಿಗೈಯಲ್ಲೇ ಬಂದಿದ್ದೆ.

"ಗವಿಪುರದ್ದು ತೀರ್ಪಾಯ್ತು ಸರ್."

"ಯಾರ ಕಡೆ?"

"ಆಕೆ ಕಡೆ."

"ಪುಟ ತಿರುಗಿಸಿದ್ರಾ?"

"ತಿರುಗಿಸಿದೆ ಸರ್. ಎರಡು ಸಲ. ಗವಿಪುರಕ್ಕೂ ಹೋಗಿ ಬಂದೆ."

ಅವರು ಅವರೆಕಾಯಿಯ ತಟ್ಟೆ ಪಕ್ಕಕ್ಕೆ ಸರಿಸಿ, ಪಂಚೆಗೆ ಕೈ ಒರೆಸಿಕೊಂಡರು. ಕಣ್ಣು ಮುಚ್ಚಿದರು. ಇಲ್ಲದ ರಿಜಿಸ್ಟರಿನ ಸಾಲಿನ ಮೇಲೆ ಇಡುವ ಹಾಗೆ ಮೊಣಕಾಲಿನ ಮೇಲೆ ಕೈ ಇಟ್ಟರು. ಏಳು ತಿಂಗಳಾಗಿತ್ತು ಅವರು ಕಚೇರಿ ಬಿಟ್ಟು. ನಂಬರು ಮರೆತಿರಲಿಲ್ಲ. ಅದೇ ರಾಗದಲ್ಲಿ ಮುಂದಕ್ಕೆ ಕರೆದರು. ಹಿಂದಕ್ಕೆ ಕರೆದರು.

ಹಾದಿಯಲ್ಲಿ ಹೋಗುತ್ತಿದ್ದ ಸೊಪ್ಪಿನವಳು ನಿಂತು ನೋಡಿದಳು.

"ಮುಗೀತು," ಎಂದೆ.